ದೆವ್ವದ ಕೇಕಿಗೊಂದು ರುಮಾಲು

ಕೇಕ್ ಎಂದರೆ ಒಂದು ರಾಸಾಯನಿಕ ಕ್ರಿಯೆ, ಅಷ್ಟೆ. ಅಡುಗೆ ಸೋಡಾ ಬಿಸಿಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ, ಹಿಟ್ಟು ಉಬ್ಬುತ್ತದೆ. ಇದನ್ನು ಹತ್ತೊಂಬತ್ತು ವರ್ಷಗಳಿಂದ ಚಿತ್ರದುರ್ಗದ ಪಿಯು ಕಾಲೇಜೊಂದರಲ್ಲಿ ಪಾಠ ಮಾಡುತ್ತಾ ಬಂದವಳು ನಾನು. ಆದ್ದರಿಂದ ಸ್ಟಾಫ್ ರೂಮಿನಲ್ಲಿ ಎದ್ದು ನಿಂತು, "ಕೇಕ್ ನಾನು ಮಾಡ್ಕೊಂಡು ಬರ್ತೀನಿ" ಎಂದು ಘೋಷಿಸಿದಾಗ ನನಗೆ ಎಳ್ಳಷ್ಟೂ ಅಳುಕಿರಲಿಲ್ಲ. ಅಳುಕು ಇದ್ದದ್ದು ಉಳಿದವರಿಗೆ.

ಅದಕ್ಕೆ ಕಾರಣವಿದೆ. ಮಧ್ಯಾಹ್ನ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರ ಊಟದ ಡಬ್ಬಿಗಳೂ ಮೇಜಿನ ಸುತ್ತ ಒಂದು ಸುತ್ತು ಹೊಡೆದು ಖಾಲಿಯಾಗುತ್ತವೆ. ನನ್ನ ಡಬ್ಬಿ ಮಾತ್ರ ಹೋದ ಹಾಗೇ ತುಂಬಿಕೊಂಡು ವಾಪಸ್ಸು ಬರುತ್ತದೆ. ಕನ್ನಡದ ಹನುಮಂತಪ್ಪ ಮೇಷ್ಟ್ರು ಒಮ್ಮೆ, "ಮೇಡಂ, ನಿಮ್ಮ ಉಪ್ಪಿಟ್ಟು ಯಾವ ಆಸಿಡ್‌ನಲ್ಲಿ ಕರಗ್ತೈತೆ?" ಎಂದು ಬಹಳ ವಿನಯದಿಂದ ವಿಚಾರಿಸಿದ್ದರು. ನಾನು ನಕ್ಕೆ. ಮನೆಗೆ ಬಂದು ಅತ್ತುಬಿಟ್ಟೆ. ಸೇವೆಯ ಉಳಿದ ಅವಧಿಯಲ್ಲಿ ಒಬ್ಬರಾದರೂ ನನ್ನ ಮುಂದೆ ತಟ್ಟೆ ಚಾಚಿ, "ಮೇಡಂ, ಇನ್ನೊಂದು ಸ್ವಲ್ಪ ಹಾಕಿ" ಅನ್ನಬೇಕು ಎಂಬುದು ನನ್ನ ಜೀವನದ ಗುರಿಯಾಯಿತು.

ಆ ಅವಕಾಶ ಒದಗಿಸಿದವರು ಇಂಗ್ಲಿಷಿನ ಸುಷ್ಮಾ ಮೇಡಂ. ಅವರು ಜೋಗಿಮಟ್ಟಿ ರಸ್ತೆಯಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದರು. ಮಧ್ಯವಾರ್ಷಿಕ ಪರೀಕ್ಷೆ ಮುಗಿದು ದಸರಾ ರಜೆ ಶುರುವಾಗುವ ಭಾನುವಾರ ಸಂಜೆ ಐದಕ್ಕೆ ಅವರ ಮನೆಯಲ್ಲಿ ಶರತ್ಕಾಲದ ಪಾರ್ಟಿ, ಅದರಲ್ಲೂ ದೆವ್ವದ ಪಾರ್ಟಿ ಎಂದು ತೀರ್ಮಾನವಾಯಿತು. ಎಲ್ಲರೂ ದೆವ್ವದ ವೇಷದಲ್ಲಿ ಬರಬೇಕು, ಕೇಕ್ ಕೂಡ ದೆವ್ವವಾಗಿರಬೇಕು. ಶರತ್ಕಾಲಕ್ಕೂ ದೆವ್ವಕ್ಕೂ ಏನು ಸಂಬಂಧ ಎಂದು ಹನುಮಂತಪ್ಪ ಮೇಷ್ಟ್ರು ಕೇಳಿದರು. "ಫಾರಿನ್‌ನಲ್ಲಿ ಹಂಗೇ ಸರ್" ಎಂದು ಒಂದೇ ಉತ್ತರ ಬಂತು.

ಮನೆಗೆ ಬಂದು ವಿಷಯ ಹೇಳಿದರೆ ನಮ್ಮ ಅತ್ತೆ ಈರಮ್ಮ ಕ್ಯಾಲೆಂಡರ್ ಕಡೆ ಬೆರಳು ತೋರಿಸಿದರು.

"ಭಾನುವಾರ ಮಾಲಯ ಅಮಾಸೆ ಕಣವ್ವ. ಹಿರಿಯರ ಹಬ್ಬ. ಮನೇಲಿ ಎಡೆ ಇಕ್ಕಾದು ಬಿಟ್ಟು ದೆವ್ವ ಬೇಯಿಸ್ತೀಯಾ?"

"ಎಡೆ ಮಧ್ಯಾಹ್ನ ಅತ್ತೆ. ದೆವ್ವ ಸಂಜೆಗೆ."

 ಹಿರಿಯರ ಹಬ್ಬ ಹತ್ತಿರ ಬಂದಾಗಲೆಲ್ಲ ಅತ್ತೆಯ ಚಿಂತೆಯೇ ಬೇರೆ. ನಮ್ಮ ಮಾವ ತೀರಿಕೊಂಡು ಮೂರು ವರ್ಷ. ಹರಿಯಬ್ಬೆಯಲ್ಲಿ ಕುರಿಮಂದೆ ಕಾಯ್ದುಕೊಂಡಿದ್ದವರು. ಫೋಟೊ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಮೊಬೈಲ್ ಹಿಡಿದವರ ಮೇಲೆ ಕೋಲು ಎತ್ತುತ್ತಿದ್ದರು. ಹಾಗಾಗಿ ಉಳಿದಿರುವುದು ಯಾವುದೋ ಗುರುತಿನ ಚೀಟಿಗೆಂದು ತೆಗೆದ ಒಂದೇ ಫೋಟೊ. ಅದರಲ್ಲೂ ಫೋಟೊದವನು ರುಮಾಲು ತೆಗೆಸಿ, ತಲೆ ಬಾಚಿಸಿ, ಕಣ್ಣು ಅಗಲಿಸಿ ಎಂದು ಗದರಿ ತೆಗೆದಿದ್ದ. ಅದನ್ನೇ ದೊಡ್ಡದು ಮಾಡಿಸಿ ಎಡೆಯ ಮುಂದೆ ಇಡುತ್ತೇವೆ. ಅತ್ತೆ ಪ್ರತಿ ವರ್ಷ ಅದನ್ನು ನೋಡಿ, "ಇದು ಯಾರೋ ಬ್ಯಾಂಕಿನೋರು ಇದ್ದಂಗೈತೆ. ಇವರ ಮುಖಾನೇ ಮರ್ತು ಹೋಗ್ತೈತೇನೋ ಅಂತ ಭಯ ಆಗ್ತೈತೆ" ಎನ್ನುತ್ತಾರೆ.

ನಾನು ಮಾತ್ರ ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ. ಕೇಕಿನ ವಿಡಿಯೋಗಳನ್ನು ಬಸ್ಸಿನಲ್ಲಿ ನೋಡಿದೆ, ಪರೀಕ್ಷೆಯ ಕೊಠಡಿಯ ಹೊರಗೆ ನೋಡಿದೆ, ದೇವರಿಗೆ ದೀಪ ಹಚ್ಚುತ್ತಾ ನೋಡಿದೆ. ಒಂದು ಹೊಸ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕಕ್ಕೆ ರಟ್ಟು ಹಾಕಿ ಮೊದಲ ಪುಟದಲ್ಲಿ ಬರೆದೆ: "ಉದ್ದೇಶ: ದೆವ್ವದ ಆಕಾರದ ಕೇಕನ್ನು ತಯಾರಿಸುವುದು. ಬೇಕಾಗುವ ಸಲಕರಣೆಗಳು: ಕುಕ್ಕರ್, ಮರಳು, ಪಾತ್ರೆಗಳು, ಗಂಡ."

ಗಂಡ ತಿಪ್ಪೇಸ್ವಾಮಿ ಸರ್ವೆ ಇಲಾಖೆಯಲ್ಲಿ ಭೂಮಾಪಕರು. ನಮ್ಮ ಮನೆಯಲ್ಲಿ ಓವನ್ ಇಲ್ಲ. ಕುಕ್ಕರಿನ ತಳಕ್ಕೆ ಮರಳು ಹಾಕಿ ಬೇಯಿಸಬಹುದೆಂದು ವಿಡಿಯೋದ ಹೆಂಗಸು ಹೇಳಿದ್ದಳು. ಇವರು ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯವರನ್ನು ಕೇಳಿ ಶನಿವಾರ ಒಂದು ಬುಟ್ಟಿ ಮರಳು ತಂದುಕೊಟ್ಟರು. ಶುಕ್ರವಾರ ಮಳೆ ಬಂದಿತ್ತು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮರಳಿನ ನೀರೆಲ್ಲ ಹಬೆಯಾಗಿ, ಮುಕ್ಕಾಲು ಗಂಟೆಯ ನಂತರ ಮುಚ್ಚಳ ತೆಗೆದರೆ ಒಳಗೆ ಬೆಳ್ಳಗೆ, ಒದ್ದೆಯಾಗಿ, ನುಣ್ಣಗೆ ಏನೋ ಕುಳಿತಿತ್ತು. ಅತ್ತೆ ಒಂದು ತುಂಡು ಮುರಿದು ಸಾರಿಗೆ ಅದ್ದಿ ತಿಂದರು.

"ಕಡುಬು ಚೆನ್ನಾಗೈತೆ. ಸಕ್ಕರೆ ಯಾಕೆ ಹಾಕ್ದೆ?"

"ಅದು ಕೇಕ್ ಅತ್ತೆ."

"ಹಂಗಾರೆ ಚೆನ್ನಾಗಿಲ್ಲ."

ಎರಡನೆಯ ಸಲ ಮರಳನ್ನು ಹುರಿದು ಒಣಗಿಸಿದೆ. ಅತಿಯಾಗಿ ಹುರಿದೆ. ಈ ಬಾರಿ ಪಾತ್ರೆಯಿಂದ ಹೊರಬಂದದ್ದನ್ನು ನನ್ನ ರೆಕಾರ್ಡ್ ಪುಸ್ತಕದಲ್ಲಿ "ಶುದ್ಧ ಇಂಗಾಲ" ಎಂದು ನಮೂದಿಸಿದ್ದೇನೆ. ಇವರು ಅದನ್ನು ಕಿಟಕಿಯ ಹತ್ತಿರ ಹಿಡಿದು ನೋಡಿ, "ಇದನ್ನ ಗಡಿಕಲ್ಲು ಮಾಡಿ ಹೂಳಬಹುದು. ನೂರು ವರ್ಷ ಬಾಳಿಕೆ ಬರ್ತೈತೆ" ಎಂದರು. ಸೋಲು ವಿಜ್ಞಾನಿಗೆ ಹೊಸದಲ್ಲ. ಪಾತ್ರೆ ಉಜ್ಜಲು ಕುಳಿತೆ.

ಭಾನುವಾರ ಬೆಳಿಗ್ಗೆ ಐದಕ್ಕೇ ಎದ್ದು ಸ್ನಾನ ಮಾಡಿ ಮೂರನೆಯ ಪ್ರಯೋಗಕ್ಕೆ ನಿಂತೆ. ಹಿಂದಿನ ದಿನ ಸಕ್ಕರೆಗೆ ಎರಡು ಸಲ ಇರುವೆ ಮುತ್ತಿತ್ತು. ಆದ್ದರಿಂದ ಕೇಕಿಗೂ ಮೇಲಿನ ಕೆನೆಗೂ ಬೇಕಾದಷ್ಟು ಸಕ್ಕರೆಯನ್ನು ಒಟ್ಟಿಗೇ ತೂಗಿ, ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ, ನೀರು ತುಂಬಿದ ತಟ್ಟೆಯ ನಡುವೆ ಆ ಡಬ್ಬಿಯನ್ನಿಟ್ಟು, ತಟ್ಟೆಯನ್ನು ಕಿಟಕಿಯ ಮೇಲಿಟ್ಟೆ. ಇಂಥ ಮುಂದಾಲೋಚನೆ ಎಲ್ಲರಿಗೂ ಬರುವುದಿಲ್ಲ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ.

ಒಲೆಯ ಇನ್ನೊಂದು ಬದಿಯಲ್ಲಿ ಅತ್ತೆ ಎಡೆಯ ಅಡುಗೆಗೆ ನಿಂತಿದ್ದರು.

"ನೋಡವ್ವ, ಎಡೆ ಆಗೋಗಂಟ ಇಲ್ಲಿರಾದು ಯಾವ್ದನ್ನೂ ಬಾಯಿಗೆ ಹಾಕಂಗಿಲ್ಲ. ಉಪ್ಪು ನೋಡಾಕೂ ಇಲ್ಲ. ಮೊದಲು ಹಿರಿಯರು, ಆಮೇಲೆ ನಾವು."

ನಾನು ಸಂತೋಷದಿಂದ ಒಪ್ಪಿದೆ. ಲ್ಯಾಬಿನಲ್ಲಿ ಯಾವುದನ್ನೂ ನಾಲಿಗೆಗೆ ತಾಗಿಸಬಾರದು ಎಂಬುದೇ ನಾನು ಮಕ್ಕಳಿಗೆ ಹೇಳಿಕೊಡುವ ಮೊದಲ ನಿಯಮ. ಮದುವೆಯಾದ ಮೇಲೆ ಅತ್ತೆಗೂ ನನಗೂ ಪೂರ್ತಿ ಒಮ್ಮತ ಮೂಡಿದ್ದು ಅದೇ ಮೊದಲು.

ದೊಡ್ಡದು, ಮಧ್ಯಮ, ಚಿಕ್ಕದು ಎಂದು ಮೂರು ಪಾತ್ರೆಗಳಲ್ಲಿ ಹಿಟ್ಟು ಹುಯ್ದೆ. ಒಂದಾದ ಮೇಲೊಂದು ಮೂರೂ ಬೆಂದವು. ಮೂರೂ ಉಬ್ಬಿದವು! ನನ್ನ ಎದೆಯೂ ಉಬ್ಬಿತು. ಒಂದರ ಮೇಲೊಂದು ಇಟ್ಟಾಗ ದೆವ್ವ ಮೊಳದುದ್ದ ನಿಂತಿತು. ಇನ್ನು ಮೇಲೆ ಬಿಳಿ ಕೆನೆ ಬಳಿದರೆ ಮುಗಿಯಿತು. ವಾರದಿಂದ ಕೂಡಿಟ್ಟ ಎಮ್ಮೆ ಹಾಲಿನ ಕೆನೆಯನ್ನು ಮಿಕ್ಸಿಗೆ ಹಾಕಿ ತಿರುವಿದೆ. ನೊರೆಯಂತೆ ಮೇಲೇಳುತ್ತದೆ ಎಂದು ವಿಡಿಯೋದವಳು ಹೇಳಿದ್ದಳು. ಮೇಲೇಳಲಿಲ್ಲ. ನಾಲ್ಕೇ ನಿಮಿಷಕ್ಕೆ ಒಂದು ಕಡೆ ಮಜ್ಜಿಗೆ, ಒಂದು ಕಡೆ ಬೆಣ್ಣೆ. ಪರವಾಗಿಲ್ಲ ಅಂದುಕೊಂಡೆ. ದೆವ್ವವೂ ಬಿಳಿ, ಬೆಣ್ಣೆಯೂ ಬಿಳಿ. ಮೈತುಂಬ ಬೆಣ್ಣೆ ಮೆತ್ತಿದೆ.

ಅಷ್ಟರಲ್ಲಿ ಇವರು ಬಂದು ಒಂದು ಕಣ್ಣು ಮುಚ್ಚಿ ದೆವ್ವವನ್ನು ಅಳೆದರು.

"ಎಡಕ್ಕೆ ಏಳು ಡಿಗ್ರಿ ವಾಲೈತೆ ಗಿರಿಜಾ."

ಹೌದು, ವಾಲಿತ್ತು. ವಾಲಿದ ಕಡೆ ಆಸರೆಯಾಗಿ ಒಂದಿಷ್ಟು ಬೆಣ್ಣೆಗೆ ಕೋಕೋ ಪುಡಿ ಕಲಸಿ, ಎಡ ಹೆಗಲಿನಿಂದ ಕೆಳಗಿನವರೆಗೆ ದಪ್ಪಗೆ ಇಳಿಬಿಟ್ಟೆ. ಪರದೇಶದ ದೆವ್ವಗಳು ಕಪ್ಪು ಮೇಲಂಗಿ ಹಾಕುತ್ತವಂತೆ. ಅದರ ಮೇಲೆ ಫೋರ್ಕಿನಿಂದ ಗೀರು ಎಳೆದು ಅಂದಗೊಳಿಸಿದೆ. ಇವರು ನೆತ್ತಿ ಸಮತಟ್ಟಾಗಿಲ್ಲ ಎಂದು ಅಂಗೈಯಿಂದ ಮೆಲ್ಲಗೆ ಒತ್ತಿದರು. ನೆತ್ತಿ ಒಳಗೆ ಹೋಯಿತು.

"ನೀವು ಜಮೀನು ಅಳೀರಿ, ತಲೆ ಅಳೀಬೇಡಿ" ಎಂದು ರೇಗಿ, ಆ ಕುಳಿ ಮುಚ್ಚಲು ಬೆಣ್ಣೆಯನ್ನು ಹಗ್ಗದಂತೆ ಹೊಸೆದು ತಲೆಯ ಸುತ್ತ ನಾಲ್ಕು ಸುತ್ತು ಸುತ್ತಿದೆ. ಕಣ್ಣಿಗೆ ಎರಡು ಕಪ್ಪು ದ್ರಾಕ್ಷಿ ಒತ್ತಿದೆ. ಸೆಕೆಗೆ ಎಡಗಣ್ಣಿನ ಮೇಲಿನ ಬೆಣ್ಣೆ ಜಾರಿ ಅರ್ಧ ಕಣ್ಣು ಮುಚ್ಚಿತು. ಬಾಯಿ ಬರೆಯಲು ಕೋಕೋ ನೀರು ಮಾಡಿಕೊಂಡಿದ್ದೆ. ಅದು ತೆಳ್ಳಗಾಗಿ ಎರಡೂ ಕಡೆ ಇಳಿಯತೊಡಗಿತು. ಗಾಬರಿಯಲ್ಲಿ ಬೆರಳಿನಿಂದ ಎರಡೂ ತುದಿಗಳನ್ನು ಮೇಲಕ್ಕೆ ತಿರುವಿಬಿಟ್ಟೆ. ಹಿಂದೆ ಸರಿದು ನೋಡಿದೆ. ದೆವ್ವ ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ನನಗೇ ಒಂದು ಕ್ಷಣ ಹೆದರಿಕೆಯಾಯಿತು. ಅಂದರೆ ಪ್ರಯೋಗ ಯಶಸ್ವಿ!

ಆಗ ಅತ್ತೆ ಹಿತ್ತಲಿನಿಂದ ಬಾಳೆ ಎಲೆ ಹಿಡಿದು ಒಳಗೆ ಬಂದರು. ಬಂದವರು ಬಾಗಿಲಲ್ಲೇ ನಿಂತರು. ಎಲೆ ಕೈಜಾರಿ ಕೆಳಗೆ ಬಿತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಪಿಸುಗುಟ್ಟಿದರು.

"ಇವರು ಯಾವಾಗ ಬಂದ್ರು?"

"ಯಾರು ಅತ್ತೆ?"

"ನಿಮ್ಮ ಮಾವ."

ನಾನು ಸುತ್ತಲೂ ನೋಡಿದೆ. ಇವರು ಕೇಕನ್ನು ನೋಡಿದರು. ಇವರ ಮುಖ ಇದ್ದಕ್ಕಿದ್ದಂತೆ ಮೆತ್ತಗಾಯಿತು.

"ಗಿರಿಜಾ, ಹೌದು ಕಣೆ. ಇದು ಅಪ್ಪ."

"ರೀ, ಇದು ದೆವ್ವ" ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅತ್ತೆ ಹತ್ತಿರ ಬಂದು ಒಂದೊಂದಾಗಿ ತೋರಿಸಿದರು. "ರುಮಾಲು ನೋಡು, ಹಿಂಗೇ ನಾಕು ಸುತ್ತು. ಎಡಗಣ್ಣು ನೋಡು, ಟಗರು ಗುದ್ದಿದ ಮ್ಯಾಲೆ ರೆಪ್ಪೆ ಹಿಂಗೇ ಜೋತು ಬಿದ್ದಿತ್ತು. ಕಂಬಳಿ ಎಡಗಡೆ ಹೆಗಲಿಗೇ ಹಾಕ್ತಿದ್ರು. ಅದರ ಭಾರಕ್ಕೆ ನಿಂತ್ಕಂಡ್ರೂ ಹಿಂಗೇ ವಾಲ್ತಿದ್ರು."

ನಾನು ಇನ್ನೂ ನಂಬಲು ಸಿದ್ಧಳಿರಲಿಲ್ಲ. ಅಷ್ಟರಲ್ಲಿ ಹಬ್ಬಕ್ಕೆಂದು ಹರಿಯಬ್ಬೆಯಿಂದ ಬಂದ ಚಿಕ್ಕಮಾವ ಕರಿಯಪ್ಪನವರು, ಅಂದರೆ ನಮ್ಮ ಮಾವನ ತಮ್ಮ, "ಏನಪ್ಪ ತಿಪ್ಪೇಶಿ, ಅಡುಗೆ ಆತೇನೋ?" ಎನ್ನುತ್ತಾ ನೇರ ಅಡುಗೆ ಮನೆಗೆ ಬಂದರು. ಕೇಕ್ ಕಂಡದ್ದೇ ತಡ, ಸರ್ರನೆ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದು ಕೈಮುಗಿದು ನಿಂತರು.

"ಅಣ್ಣಯ್ಯ, ತಪ್ಪಾತು. ಹಿರಿಯೂರು ಸಂತೇಲಿ ನಿನ್ನ ಟಾರ್ಚ್ ಕಳೆದಿದ್ದು ನಾನೇ. ತಪ್ಪು ಕುರಿ ಮೇಲೆ ಹಾಕಿ ಸುಳ್ಳು ಹೇಳಿದ್ದೆ."

ಮೂವತ್ತು ವರ್ಷದ ಹಿಂದಿನ ಪ್ರಕರಣ ನನ್ನ ಕೇಕಿನ ಮುಂದೆ ಇತ್ಯರ್ಥವಾಯಿತು. ಇನ್ನು ತಡಮಾಡಿದರೆ ಕೈಮೀರುತ್ತದೆ ಎಂದು ನಾನು ಚಮಚ ತೆಗೆದುಕೊಂಡು, ಬಾಯಿ ಬರೆಯಲು ಹೋಗಿ ಮೂಡಿದ್ದ ಆ ಮೀಸೆಯನ್ನು ಕೆರೆಯಲು ಮುಂದಾದೆ. ಮೀಸೆ ಹೋದರೆ ಮತ್ತೆ ದೆವ್ವವಾದೀತು ಎಂಬುದು ನನ್ನ ಲೆಕ್ಕ. ಅತ್ತೆ ಮಣಿಕಟ್ಟು ಹಿಡಿದುಕೊಂಡರು.

"ಬದುಕಿದ್ದಾಗ ಆ ಮೀಸೆ ಮುಟ್ಟಾಕೆ ಯಾರಿಗೂ ಬಿಟ್ಟೋರಲ್ಲ. ಈಗ ಸೊಸೆ ಬೋಳಿಸ್ತಾಳಾ?"

ಚಮಚ ಕೆಳಗಿಟ್ಟೆ. ಗುರುತಿನ ಚೀಟಿಯ ಫೋಟೊ ಗೋಡೆಯಲ್ಲೇ ಉಳಿಯಿತು. ಎಡೆಯ ನಡುವೆ, ಹೊಸ ಪಂಚೆ, ಎಲೆಅಡಿಕೆ, ಬೀಡಿ ಕಟ್ಟು, ಮುದ್ದೆ, ಕೋಳಿಸಾರಿನ ಮಧ್ಯದಲ್ಲಿ ನನ್ನ ಕೇಕ್ ಕುಳಿತಿತು. ದೀಪ ಹಚ್ಚಿ, ಧೂಪ ಹಾಕಿ, ಹಿರಿಯರು ನೆಮ್ಮದಿಯಾಗಿ ಉಣ್ಣಲಿ ಎಂದು ಪದ್ಧತಿಯಂತೆ ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ಕುಳಿತೆವು. ಆಗಲೇ ಸುಷ್ಮಾ ಮೇಡಂ ಫೋನ್ ಮಾಡಿದರು.

"ಮೇಡಂ, ನಮ್ಮ ದೆವ್ವ ರೆಡಿನಾ?"

"ಊಟಕ್ಕೆ ಕೂತಿದೆ ಮೇಡಂ" ಎಂದೆ. ಅವರು ಬಹಳ ಹೊತ್ತು ನಕ್ಕರು. ನಾನು ನಗಲಿಲ್ಲ.

ನಾಲ್ಕೂವರೆಗೆ ಅತ್ತೆಯ ಮುಂದೆ ನಿಂತು ಬೇಡಿಕೊಂಡೆ. ಹತ್ತೊಂಬತ್ತು ವರ್ಷದ ಡಬ್ಬಿಯ ಕಥೆಯನ್ನು ಮೊದಲ ಸಲ ಅವರಿಗೆ ಹೇಳಿದೆ. ಇವತ್ತು ಕೈಬೀಸಿಕೊಂಡು ಹೋದರೆ ಇನ್ನು ಆ ಸ್ಟಾಫ್ ರೂಮಿನಲ್ಲಿ ತಲೆಯೆತ್ತುವ ಹಾಗಿಲ್ಲ ಎಂದೆ. ಅತ್ತೆ ಯೋಚಿಸಿದರು.

"ಕರ್ಕಂಡು ಹೋಗು. ಆದ್ರೆ ಇವರನ್ನ ಒಬ್ಬರನ್ನೇ ಹೆಂಗೆ ಕಳಿಸಾದು? ನಾನೂ ಬತ್ತೀನಿ. ಕರಿಯಪ್ಪ, ನಡಿ, ಹೋಗಾಣ."

ಹೀಗೆ ದೆವ್ವದ ಪಾರ್ಟಿಗೆ ನಮ್ಮ ಸವಾರಿ ಹೊರಟಿತು. ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ಒಂದು ಕಡೆ, ಚಿಕ್ಕಮಾವ ಒಂದು ಕಡೆ, ನಡುವೆ ನನ್ನ ತೊಡೆಯ ಮೇಲೆ ಮಾವ. ರಸ್ತೆಯ ಪ್ರತಿ ಉಬ್ಬಿಗೂ ಅತ್ತೆ, "ನಿಧಾನ ಕಣೋ, ನಿಮ್ಮಪ್ಪಂಗೆ ಸೊಂಟ ನೋವೈತೆ" ಎನ್ನುತ್ತಿದ್ದರು. ಇವರು ಹಾಗೇ ನಿಧಾನ ಮಾಡುತ್ತಿದ್ದರು.

ಸುಷ್ಮಾ ಮೇಡಂ ಮನೆಯಲ್ಲಿ ಕಪ್ಪು ಕಾಗದದ ಬಾವಲಿಗಳು ತೂಗಾಡುತ್ತಿದ್ದವು. ನಮ್ಮ ಪ್ರಿನ್ಸಿಪಾಲರು ಮಂಚದ ಹೊದಿಕೆಗೆ ಎರಡು ತೂತು ಮಾಡಿ ಹೊದ್ದುಕೊಂಡಿದ್ದರು. ಹನುಮಂತಪ್ಪ ಮೇಷ್ಟ್ರು ಬಿಳಿ ಸೀರೆ ಉಟ್ಟು, ನಾಟಕದ ಕೂದಲು ಇಳಿಬಿಟ್ಟು ಮೋಹಿನಿಯಾಗಿದ್ದರು. ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೆಲ್ಲಗೆ ಕೇಳಿದರು.

"ಯಾಕಪ್ಪ, ಮನೇಲಿ ಏನಾರ ತೊಂದ್ರೆನಾ?"

ಕೇಕನ್ನು ಮೇಜಿನ ಮೇಲೆ ಇಟ್ಟೆವು. ಎಲ್ಲರೂ ಚಪ್ಪಾಳೆ ತಟ್ಟಿದರು. "ಸೂಪರ್ ಮೇಡಂ, ಏನ್ ಭಯಂಕರವಾಗಿದೆ" ಎಂದು ಸುಷ್ಮಾ ಮೇಡಂ ಕುಣಿದರು. ನನ್ನ ಜೀವನದ ಗುರಿ ಎರಡೇ ಅಡಿ ದೂರದಲ್ಲಿತ್ತು. ಆಗ ಅತ್ತೆ ಮುಂದೆ ಬಂದು, "ಇವರು ನಮ್ಮ ಯಜಮಾನ್ರು. ತೀರ್ಕಂಡು ಮೂರು ವರ್ಷ ಆತು" ಎಂದು ಪರಿಚಯ ಮಾಡಿಕೊಟ್ಟರು.

ಚಪ್ಪಾಳೆ ನಿಂತಿತು. ಪ್ರಿನ್ಸಿಪಾಲರು ಮೆಲ್ಲಗೆ ಹೊದಿಕೆ ತೆಗೆದು ಮಡಚಿದರು. ಮೋಹಿನಿ ಕೂದಲು ಕಳಚಿ ಕಂಕುಳಲ್ಲಿ ಇಟ್ಟುಕೊಂಡಿತು. ದೆವ್ವಗಳೆಲ್ಲ ಸಾಲಾಗಿ ಬಂದು ಕೇಕಿಗೆ ನಮಸ್ಕಾರ ಮಾಡಿದವು. ಸುಷ್ಮಾ ಮೇಡಂ ಚಾಕುವನ್ನು ನನ್ನ ಕೈಗೆ ಕೊಟ್ಟರು. ನಾನು ಇವರಿಗೆ ಕೊಟ್ಟೆ. ಇವರು ಚಿಕ್ಕಮಾವನಿಗೆ ಕೊಟ್ಟರು. "ನನ್ನ ಕೈಲಿ ಆಗಲ್ಲಪ್ಪ" ಎಂದು ಅವರು ಅದನ್ನು ಮೇಜಿನ ಮೇಲಿಟ್ಟರು.

ಕೊನೆಗೆ ಅತ್ತೆಯೇ ಚಾಕು ಎತ್ತಿಕೊಂಡರು.

"ಎಡೆ ಇಕ್ಕಿದ್ದನ್ನ ಹಂಗೇ ಬಿಡಬಾರದು, ಎಲ್ಲರೂ ಉಣ್ಬೇಕು. ಎಲ್ಲ ಕುಂತ್ಕಳ್ರಿ." ಅವರು ಕೇಕಿನ ಕಡೆಗೇ ನೋಡುತ್ತಾ ಹೇಳಿದರು: "ಇವರಿಗೆ ಸಕ್ಕರೆ ಕಾಯಿಲೆ ಇತ್ತು. ಡಾಕ್ಟ್ರು ಬ್ಯಾಡ ಅಂದಿದ್ದಕ್ಕೆ ನಾನು ಬೆಲ್ಲದ ಡಬ್ಬೀನೂ ಅಟ್ಟದ ಮ್ಯಾಲೆ ಬಚ್ಚಿಟ್ಟಿದ್ದೆ. ಹೋಗೋ ಹಿಂದಿನ ವಾರ ಒಂದು ಹೋಳಿಗೆ ಕೇಳಿದ್ರು. ಕೊಡಲಿಲ್ಲ. ಅದೊಂದು ನನ್ನ ಹೊಟ್ಟೇಲಿ ಹಂಗೇ ಉಳ್ಕಂಡೈತೆ. ಇವತ್ತು ಸೊಸೆ ಸಿಹಿ ಮಾಡವ್ಳೆ. ಅವರ ಹೆಸರಲ್ಲಿ ಎಲ್ಲರೂ ತಿನ್ರಿ."

 ಕಡುಬು, ಇಂಗಾಲ, ಬೆಣ್ಣೆ, ಎಲ್ಲವೂ ಸಾರ್ಥಕ ಎಂದು ನನಗೆ ಅನಿಸಿತು. ಕತ್ತರಿಸುವ ಮುಂಚೆ ಇವರು ಮೊಬೈಲ್ ತೆಗೆದು ಒಂದು ಫೋಟೊ ತೆಗೆದುಕೊಂಡರು. ಮಾವ ಈ ಸಲ ಕೋಲು ಎತ್ತಲಿಲ್ಲ.

"ಮೊದಲು ರುಮಾಲು ತೆಗೀಬೇಕು. ಉಣ್ಣಾಕೆ ಕುಂತಾಗ ತೆಗೆದಿಡ್ತಿದ್ರು" ಎಂದು ಅತ್ತೆ ಬೆಣ್ಣೆಯ ಸುರುಳಿಯನ್ನು ಎತ್ತಿ ಪ್ರಿನ್ಸಿಪಾಲರ ತಟ್ಟೆಗೆ ಹಾಕಿದರು. ಕಂಬಳಿ ಕರಿಯಪ್ಪನವರಿಗೆ ಹೋಯಿತು. ಹೊಟ್ಟೆಯ ಭಾಗ ದೆವ್ವಗಳಿಗೆಲ್ಲ ಹಂಚಿಕೆಯಾಯಿತು. ಮೀಸೆಯ ಹತ್ತಿರ ಬಂದಾಗ ಅವರ ಕೈ ನಿಂತಿತು.

"ಇದು ನಂದು. ನಲವತ್ತಾರು ವರ್ಷ ಇದಕ್ಕೆ ಹೆದರ್ಕಂಡಿದ್ದೆ" ಎಂದು ಆ ಮೀಸೆಯನ್ನು ಅದರ ಹಿಂದಿನ ಕೇಕಿನ ಸಮೇತ ಎತ್ತಿ ಬಾಯಿಗೆ ಹಾಕಿಕೊಂಡರು.

ಎಲ್ಲರೂ ಒಟ್ಟಿಗೆ ಬಾಯಿಗಿಟ್ಟರು. ಎಲ್ಲರೂ ಒಟ್ಟಿಗೆ ಅಗಿಯುವುದನ್ನು ನಿಲ್ಲಿಸಿದರು. ಹನುಮಂತಪ್ಪ ಮೇಷ್ಟ್ರು ಚಾವಣಿ ನೋಡಿದರು. ಪ್ರಿನ್ಸಿಪಾಲರು ನೀರು ಕೇಳಿದರು. ಅತ್ತೆ ನಿಧಾನವಾಗಿ ನುಂಗಿ ನನ್ನ ಕಡೆ ತಿರುಗಿದರು.

"ಗಿರಿಜಾ, ಸಕ್ಕರೆ?"

 ನನ್ನ ಕಣ್ಣ ಮುಂದೆ ಅಡುಗೆ ಮನೆಯ ಕಿಟಕಿ ಬಂತು. ಕಿಟಕಿಯ ಮೇಲೆ ತಟ್ಟೆ, ತಟ್ಟೆಯಲ್ಲಿ ನೀರು, ನೀರಿನ ನಡುವೆ ಡಬ್ಬಿ. ಇರುವೆಗೆ ಸಿಗದ ಹಾಗೆ ಕಾಪಾಡಿದ ಸಕ್ಕರೆ ಕೇಕಿಗೂ ಸಿಕ್ಕಿರಲಿಲ್ಲ. ಬೆಣ್ಣೆಗೂ ಸಿಕ್ಕಿರಲಿಲ್ಲ. ಲ್ಯಾಬಿನ ನಿಯಮವನ್ನೂ ಹಿರಿಯರ ನಿಯಮವನ್ನೂ ನಿಷ್ಠೆಯಿಂದ ಪಾಲಿಸಿದ ನಾನು ಒಂದು ಚೂರೂ ರುಚಿ ನೋಡಿರಲಿಲ್ಲ.

"ಮರೆತೆ ಅತ್ತೆ" ಎಂದೆ. 

ಅತ್ತೆ ಅರ್ಧ ಖಾಲಿಯಾದ ಕೇಕನ್ನು ನೋಡಿದರು. ಅದರ ಮೇಲೆ ಆ ಜೋತುಬಿದ್ದ ಎಡಗಣ್ಣು ಇನ್ನೂ ಉಳಿದಿತ್ತು.

"ನೋಡ್ರಿ, ಸತ್ತ ಮ್ಯಾಲೂ ಈ ಮನುಷ್ಯನ ಹಣೇಲಿ ಸಕ್ಕರೆ ಬರೆದಿಲ್ಲ" ಎಂದು ನಗತೊಡಗಿದರು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಮಾವ ಹೋದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಚಿಕ್ಕಮಾವ ನಕ್ಕರು, ಮೋಹಿನಿ ನಕ್ಕಿತು, ಕೊನೆಗೆ ನಾನೂ ನಕ್ಕೆ. ಎಲ್ಲರೂ ತಮ್ಮ ಪಾಲಿನ ತುಂಡನ್ನು ಔಷಧಿಯಂತೆ ನುಂಗಿದರು. ಇನ್ನೊಂದು ತುಂಡು ಬೇಕೆಂದು ಯಾರೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಆ ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ಎಡೆಯ ಎಲೆಯ ಮೇಲೆ ಇಟ್ಟು, "ಇಷ್ಟು ಸಾಕು, ಜಾಸ್ತಿ ತಿನ್ಬ್ಯಾಡ್ರಿ" ಎಂದರು. ನನ್ನ ರೆಕಾರ್ಡ್ ಪುಸ್ತಕದ ತೀರ್ಮಾನದ ಪುಟ ಖಾಲಿ ಇರುವುದನ್ನು ಕಂಡು ಇವರು ತಾವೇ ಬರೆದುಬಿಟ್ಟರು: "ಅಪ್ಪ ಪತ್ತೆಯಾದರು. ಕೇಕ್ ಪತ್ತೆಯಾಗಲಿಲ್ಲ." ರಜೆಯಲ್ಲಿ ಆ ಮೊಬೈಲ್ ಫೋಟೊಗೆ ಕಟ್ಟು ಹಾಕಿಸಿದೆವು. ಬ್ಯಾಂಕಿನವರಂತಿದ್ದ ಫೋಟೊ ಕೆಳಗಿಳಿಯಿತು. ಈಗ ನಮ್ಮ ಹಾಲ್‌ನಲ್ಲಿ ಹೂವಿನ ಹಾರ ಹಾಕಿಸಿಕೊಂಡು ನಿಂತಿರುವುದು ನನ್ನ ಮೂರನೆಯ ಪ್ರಯೋಗ. ಅತ್ತೆ ದಿನಾ ಬೆಳಿಗ್ಗೆ ಅದಕ್ಕೆ ಊದುಬತ್ತಿ ಹಚ್ಚುತ್ತಾರೆ.

ದಸರಾ ರಜೆ ಮುಗಿದು ಕಾಲೇಜು ಶುರುವಾದ ದಿನ ಮಧ್ಯಾಹ್ನ ನಾನು ಡಬ್ಬಿ ತೆರೆಯುತ್ತಿದ್ದಂತೆ ಹನುಮಂತಪ್ಪ ಮೇಷ್ಟ್ರು ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೇ ಬಂದು ಕುಳಿತರು. ಹತ್ತೊಂಬತ್ತು ವರ್ಷಗಳಲ್ಲಿ ಇದು ಮೊದಲು. ನಾನು ಸಂಭ್ರಮದಿಂದ ಉಪ್ಪಿಟ್ಟಿನ ಡಬ್ಬಿಯನ್ನು ಅವರ ಕಡೆ ಸರಿಸಿದೆ. ಅವರು ಅದನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಜೇಬಿನಿಂದ ಒಂದು ಹಳೆಯ ಮಸುಕು ಫೋಟೊ ತೆಗೆದರು.

"ನಮ್ಮ ತಾತ, ಮೇಡಂ. ಹೊಸದುರ್ಗದಲ್ಲಿ ಶ್ಯಾನುಭೋಗರಾಗಿದ್ರು. ಬರೋ ವರ್ಷ ಅಮಾವಾಸ್ಯೆಗೆ ಇವರನ್ನೂ ಒಂದು ಕೇಕ್ ಮಾಡಿಕೊಡ್ರಿ."

ನನ್ನ ಕಣ್ಣು ತುಂಬಿ ಬಂತು. "ಖಂಡಿತ ಸರ್. ಈ ಸಲ ಸಕ್ಕರೆ ಎಷ್ಟು ಹಾಕಲಿ?" ಎಂದೆ.

"ಅದೆಲ್ಲ ನಿಮ್ಮಿಷ್ಟ ಮೇಡಂ" ಎಂದರು ಮೇಷ್ಟ್ರು. "ನಾವೇನೂ ತಿನ್ನಲ್ಲ."